ನಾಲ್ಕು ಬೆರಳು, ಮೂರು ಜನರ ಕೆಲಸ!

ಮೊದಲು ಇದನ್ನು ಕೇಳಿ.

(ಕೋರಾ ನಾದ, 10 ಸೆಕೆಂಡ್)

ಎಷ್ಟು ಜನ ನುಡಿಸುತ್ತಿದ್ದಾರೆ? ನಾನು ಮೂವರು ಅಂದುಕೊಂಡಿದ್ದೆ. ಒಬ್ಬರೇ! ಮಾಲಿ ದೇಶದ ಕೋರಾ ವಾದಕ ತುಮಾನಿ ದಿಯಾಬಾತೆ, 1988ರ ‘ಕೈರಾ’ ಆಲ್ಬಮ್. ಪಕ್ಕವಾದ್ಯ ಇಲ್ಲ, ಟ್ರ್ಯಾಕ್ ಮೇಲೆ ಟ್ರ್ಯಾಕ್ ಕೂರಿಸಿದ್ದೂ ಅಲ್ಲ. ಹಾಗಾದ್ರೆ ಮಿಕ್ಕ ಇಬ್ಬರು ಎಲ್ಲಿಂದ ಬಂದರು?

ಬೇಸಿಕ್ಸ್ ಬೇಗ ಮುಗಿಸೋಣ. ಕೋರಾ ಪಶ್ಚಿಮ ಆಫ್ರಿಕಾದ ವಾದ್ಯ. ಅರ್ಧ ಸೋರೆ ಬುರುಡೆ, ಅದಕ್ಕೆ ಬಿಗಿದ ಹಸುವಿನ ಚರ್ಮ, ಉದ್ದನೆಯ ಮರದ ಕೋಲು, 21 ತಂತಿ. ತಂತಿ ಅಂದರೆ ಈಗ ಹೆಚ್ಚಾಗಿ ಮೀನು ಹಿಡಿಯುವ ನೈಲಾನ್ ದಾರ, ನಿಜವಾಗ್ಲೂ! ನುಡಿಸುವವರು ಜೆಲಿಗಳು, ಹೊರಗಿನವರ ಬಾಯಲ್ಲಿ ಗ್ರಿಯೋ. ರಾಜರ ವಂಶಾವಳಿ, ಯುದ್ಧ, ಹಳೇ ಜಗಳ ಎಲ್ಲವನ್ನೂ ಬಾಯಲ್ಲೇ ಇಟ್ಟುಕೊಂಡು ಮಕ್ಕಳಿಗೆ ದಾಟಿಸುವ ಮನೆತನಗಳು. ನಮ್ಮ ಹೆಳವರು ನೆನಪಾದರು ಅಲ್ವಾ?

ಈಗ ನನಗೆ ಹುಚ್ಚು ಹಿಡಿಸಿದ ವಿಷಯ. ವಿಡಿಯೋ ಗೇಮ್ ಕಂಟ್ರೋಲರ್ ಹೇಗೆ ಹಿಡಿಯುತ್ತೀರಿ? ಮೂರು ಮೂರು ಬೆರಳು ಹಿಡಿಗೆ, ಹೆಬ್ಬೆರಳು ಮತ್ತು ತೋರುಬೆರಳು ಆಟಕ್ಕೆ. ಕೋರಾನೂ ಹಾಗೇ! ಬುರುಡೆಯಿಂದ ಎರಡು ಗೂಟ ಎದ್ದಿರುತ್ತವೆ, ಅವನ್ನು ಹಿಡಿದು ಕೂತರೆ ಎಡಗೈಗೆ 11 ತಂತಿ, ಬಲಗೈಗೆ 10, ಕೆಲಸಕ್ಕೆ ಉಳಿಯುವುದು ಬರೀ ನಾಲ್ಕು ಬೆರಳು. ಅದರಲ್ಲೇ ಬೇಸ್, ಅಂದರೆ ಕೆಳಗಿನ ಸ್ವರಗಳು ಬರಬೇಕು, ಮತ್ತೆ ಮತ್ತೆ ಸುತ್ತುವ ‘ಕುಂಬೆಂಗೊ’ ಅನ್ನುವ ಸ್ವರಗಳ ಸಾಲು ಬರಬೇಕು, ಅದು ನಿಲ್ಲುವ ಮೊದಲೇ ‘ಬಿರಿಮಿಂತಿಂಗೊ’ ಅನ್ನುವ ಸರಸರ ಸ್ವರಗಳು ಮೇಲಿಂದ ಸುರಿಯಬೇಕು. ನನಗೆ ಕೇಳಿಸಿದ ಆ ಮೂವರು ಇವರೇ! ನಾನು ಹತ್ತು ಬೆರಳಿದ್ದೂ ಕೀಬೋರ್ಡಲ್ಲಿ ಎರಡನ್ನೇ ಬಳಸುವ ಮನುಷ್ಯ.

ಇನ್ನೊಂದು ಮಜಾ. ತುಮಾನಿಯ ಅಪ್ಪ ಸಿದಿಕಿ ದಿಯಾಬಾತೆ ದೊಡ್ಡ ಕೋರಾ ವಾದಕ, ಆದರೆ ಮಗನನ್ನು ಕೂರಿಸಿಕೊಂಡು ಪಾಠ ಹೇಳಲಿಲ್ಲ. ತುಮಾನಿ ಕಿವಿಯಿಂದಲೇ ಕಲಿತರು.

ಫ್ಯೂಷನ್ ಅಂದರೆ ನನಗೆ ಸ್ವಲ್ಪ ಭಯ, ಕೊನೆಗೆ ಡ್ರಮ್ಸ್ ಒಂದೇ ಕೇಳಿಸುತ್ತದೆ. ತುಮಾನಿ ಬೇರೆ ಸಂಗೀತದವರ ಜೊತೆ ನುಡಿಸಿದಾಗ ಹಾಗಾಗಿಲ್ಲ. ಕೋರಾ ತನ್ನ ಬೇಸನ್ನು ತಾನೇ ಹೊತ್ತು ತರುತ್ತದಲ್ಲ, ಯಾರ ಪಕ್ಕ ಕೂತರೂ ಕಳೆದುಹೋಗಲ್ಲ ಅಂತ ನನ್ನ ಲೆಕ್ಕ.

ಟೈಮ್ ಆಗ್ತಿದೆ, ಓಡೋಣ: 1988ರಲ್ಲೇ ಸ್ಪೇನಿನ ಫ್ಲಮೆಂಕೊ ತಂಡ ಕೆತಾಮಾ ಜೊತೆ, 2007ರಲ್ಲಿ ಐಸ್‌ಲ್ಯಾಂಡಿನ ಗಾಯಕಿ ಬ್ಯೋರ್ಕ್ ಆಲ್ಬಮ್ಮಿನಲ್ಲಿ, 2008ರಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ. ಅಲಿ ಫಾರ್ಕಾ ತೂರೆ ಗಿಟಾರಿನ ಜೊತೆ ನುಡಿಸಿದ್ದಕ್ಕೆ ಎರಡು ಗ್ರ್ಯಾಮಿ, ಅದಕ್ಕೆ ಬೇರೆ ವಿಡಿಯೋನೇ ಬೇಕು. 2024ರ ಜುಲೈನಲ್ಲಿ, 58ನೇ ವಯಸ್ಸಿಗೆ ತುಮಾನಿ ತೀರಿಕೊಂಡರು. ಮಗ ಸಿದಿಕಿ, ತಾತನದೇ ಹೆಸರು, ಕೋರಾ ಹಿಡಿದೇ ಹಿಪ್‌ಹಾಪ್ ಮಾಡುತ್ತಾರೆ.

ಇನ್ನೊಮ್ಮೆ ಅದೇ ತುಣುಕು. ಈ ಸಲ ಇಯರ್‌ಫೋನ್ ಹಾಕಿ, ಕೆಳಗಿನ ಸ್ವರಗಳನ್ನು ಮಾತ್ರ ಹಿಂಬಾಲಿಸಿ.

(ಕೋರಾ ನಾದ)