ಫೋನ್ ಬದಲಿಸುವ ಮುಂಚೆ ಸಿಗ್ನಲ್ ಅಳೆದು ನೋಡಿ

ನಮಸ್ಕಾರ.

ನಮ್ಮ ಅಡುಗೆಮನೆಯಲ್ಲಿ ಒಂದು ಮೂಲೆ ಇದೆ. ಅಮ್ಮ ದಿನದಲ್ಲಿ ಜಾಸ್ತಿ ಹೊತ್ತು ನಿಲ್ಲುವುದು ಅಲ್ಲೇ. ಯಾರದಾದರೂ ಫೋನ್ ಬಂದರೆ "ಹಲೋ, ಹಲೋ, ಕೇಳಿಸ್ತಿಲ್ಲ, ಇರು ಬಂದೆ" ಅನ್ನುತ್ತಾ ಹಾಲ್‌ನ ಕಿಟಕಿಗೆ ಓಡುತ್ತಿದ್ದರು. ಅವರು ಕಿಟಕಿ ಮುಟ್ಟುವ ಹೊತ್ತಿಗೆ ಕಾಲ್ ಕಟ್ ಆಗಿರುತ್ತಿತ್ತು. ಫೋನ್ ತಗೊಂಡು ನಾಲ್ಕು ವರ್ಷ ಆಗಿತ್ತು. ಮಧ್ಯಾಹ್ನಕ್ಕೇ ಬ್ಯಾಟರಿ ಖಾಲಿ. ಕೈಯಲ್ಲಿ ಹಿಡಿದರೆ ಬಿಸಿ. ಮನೆಯಲ್ಲಿ ಎಲ್ಲರೂ ಒಂದೇ ಮಾತು ಹೇಳಿದೆವು: ಫೋನ್‌ಗೆ ವಯಸ್ಸಾಯ್ತು.

ಹೊಸದು ಕೊಡಿಸಿದೆ. ಅಮ್ಮನ ಸಿಮ್ ಯಾವ ಕಂಪನಿಯದೋ ಅದೇ ಕಂಪನಿಯ ಲೀಸ್ ಪ್ಲ್ಯಾನ್‌ನಲ್ಲಿ ತಗೊಂಡೆ. ಎರಡು ವರ್ಷ ತಿಂಗಳು ತಿಂಗಳು ಕಟ್ಟುವುದು, ಆಮೇಲೆ ಇದನ್ನು ಕೊಟ್ಟು ಇನ್ನೊಂದು ಹೊಸದು. ಕೇಳೋದಕ್ಕೆ ಚೆನ್ನಾಗಿತ್ತು. ಮೊದಲ ದಿನವೇ ಆ ಮೂಲೆಯಲ್ಲಿ ಫೋನ್ ರಿಂಗ್ ಆಯಿತು. ಅಮ್ಮ ಎತ್ತಿದರು. "ಹಲೋ, ಹಲೋ, ಇರು ಬಂದೆ." ಹೊಸ ಫೋನ್ ಹಿಡಿದುಕೊಂಡು ಮತ್ತೆ ಅದೇ ಕಿಟಕಿಗೆ ಓಡಿದರು. ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ನನಗೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ಇವತ್ತಿನ ಮಾತು ಹುಟ್ಟಿದ್ದು ಅಲ್ಲಿಂದ. ನಾವು ಫೋನ್ ಬದಲಿಸುವ ಎಷ್ಟೋ ಕಾರಣಗಳು ಫೋನ್‌ನಲ್ಲಿ ಇರುವುದೇ ಇಲ್ಲ, ನೆಟ್‌ವರ್ಕ್‌ನಲ್ಲಿ ಇರುತ್ತವೆ. ಲೀಸ್ ಪ್ಲ್ಯಾನ್ ಏನು ಮಾಡುತ್ತದೆ ಅಂದರೆ, ಫೋನನ್ನೂ ನೆಟ್‌ವರ್ಕನ್ನೂ ಒಂದೇ ಗಂಟು ಹಾಕಿ ಕೈಗೆ ಕೊಡುತ್ತದೆ. ಗಂಟು ಬಿದ್ದ ಮೇಲೆ ತೊಂದರೆ ಯಾವುದರದ್ದು ಅಂತ ಗೊತ್ತಾದರೂ ಬಿಡಿಸಿಕೊಳ್ಳೋದು ಕಷ್ಟ.

ಆ ರಾತ್ರಿ ನಾನು ಕೂತು ಅಳತೆ ಮಾಡಿದೆ. ನೀವೂ ಮಾಡಬಹುದು, ಖರ್ಚಿಲ್ಲ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಅಬೌಟ್ ಫೋನ್ ಒತ್ತಿ, ಅಲ್ಲಿ ಸಿಮ್ ಸ್ಟೇಟಸ್ ಅಂತ ಇರುತ್ತದೆ. ಅದರೊಳಗೆ ಸಿಗ್ನಲ್ ಸ್ಟ್ರೆಂತ್ ಎದುರಿಗೆ ಒಂದು ಸಂಖ್ಯೆ, ಜೊತೆಗೆ ಡಿಬಿಎಂ (dBm) ಅನ್ನುವ ಅಕ್ಷರ, ಅಂದರೆ ಸಿಗ್ನಲ್ ಶಕ್ತಿಯನ್ನು ಅಳೆಯುವ ಮಾನ. ಐಫೋನ್‌ನಲ್ಲಾದರೆ ಡಯಲ್ ಮಾಡುವ ಜಾಗದಲ್ಲಿ *3001#12345#* ಒತ್ತಿ ಕಾಲ್ ಬಟನ್ ಒತ್ತಿದರೆ ಫೀಲ್ಡ್ ಟೆಸ್ಟ್ ಅನ್ನುವ ಪರದೆ ತೆರೆಯುತ್ತದೆ. ಈ ಸಂಖ್ಯೆ ಮೈನಸ್‌ನಲ್ಲಿ ಇರುತ್ತದೆ. ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 85ರ ಸುತ್ತಮುತ್ತ ಇದ್ದರೆ ನಿಶ್ಚಿಂತೆ. ಮೈನಸ್ 100 ಅಂದರೆ ನಡೆಯುತ್ತದೆ. ಮೈನಸ್ 110 ದಾಟಿತು ಅಂದರೆ ಕಾಲ್ ಯಾವಾಗ ಬೇಕಾದರೂ ಕಟ್ ಆಗಬಹುದು.

ಅಮ್ಮನ ಮೂಲೆಯಲ್ಲಿ ಮೈನಸ್ 118 ಇತ್ತು. ಕಿಟಕಿಯ ಹತ್ತಿರ ಮೈನಸ್ 101.

ಈ ಲೆಕ್ಕ ಸ್ವಲ್ಪ ವಿಚಿತ್ರ, ಅದಕ್ಕೇ ಬಿಡಿಸಿ ಹೇಳುತ್ತೇನೆ. 118ಕ್ಕೂ 101ಕ್ಕೂ ಬರೀ 17ರ ವ್ಯತ್ಯಾಸ ಅನ್ನಿಸುತ್ತದೆ ಅಲ್ವಾ? ಆದರೆ ಈ ಅಳತೆಯಲ್ಲಿ ಪ್ರತಿ 10ಕ್ಕೆ ಶಕ್ತಿ ಹತ್ತು ಪಟ್ಟು ಬದಲಾಗುತ್ತದೆ. 20 ಅಂದರೆ ನೂರು ಪಟ್ಟು. ಹಾಗಾಗಿ ಆ 17 ಅಂದರೆ ಸುಮಾರು ಐವತ್ತು ಪಟ್ಟು. ಅಡುಗೆಮನೆಯಿಂದ ಕಿಟಕಿಗೆ ಹತ್ತು ಹೆಜ್ಜೆ ಇಟ್ಟರೆ ಸಿಗ್ನಲ್ ಐವತ್ತು ಪಟ್ಟು ಜಾಸ್ತಿ. ಅಮ್ಮ ಸುಮ್ನೆ ಓಡುತ್ತಿರಲಿಲ್ಲ.

ಹಾಗಾದರೆ ಮೇಲೆ ಕಾಣುವ ಕಡ್ಡಿಗಳು? ಅವುಗಳನ್ನು ನಂಬಬೇಡಿ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ತೋರಿಸಬೇಕು ಅನ್ನುವುದಕ್ಕೆ ಎಲ್ಲ ಕಂಪನಿಗಳಿಗೂ ಒಂದೇ ನಿಯಮ ಇಲ್ಲ. 2010ರಲ್ಲಿ ಐಫೋನ್ 4 ಬಂದಾಗ ಸಿಗ್ನಲ್ ಬಗ್ಗೆ ದೊಡ್ಡ ಗಲಾಟೆ ಆಯಿತು. ಆಗ ಆ್ಯಪಲ್ ತಾನೇ ಒಂದು ಪತ್ರ ಬರೆದು ಒಪ್ಪಿಕೊಂಡಿತು: ನಾವು ಕಡ್ಡಿ ಲೆಕ್ಕ ಹಾಕುವ ಸೂತ್ರವೇ ತಪ್ಪಾಗಿತ್ತು, ಎಷ್ಟೋ ಸಲ ತೋರಿಸಬೇಕಾದ್ದಕ್ಕಿಂತ ಎರಡು ಕಡ್ಡಿ ಜಾಸ್ತಿ ತೋರಿಸುತ್ತಿತ್ತು ಅಂತ. ಎರಡು ಫೋನ್ ಪಕ್ಕಪಕ್ಕ ಇಟ್ಟು "ನಂದರಲ್ಲಿ ನಾಲ್ಕು ಕಡ್ಡಿ, ನಿಂದರಲ್ಲಿ ಎರಡೇ" ಅಂತ ಹೇಳಿ ಫೋನ್ ಬದಲಿಸುವವರನ್ನು ನಾನು ನೋಡಿದ್ದೇನೆ. ಹಾಗೆ ಮಾಡುವ ಮುಂಚೆ ಎರಡರಲ್ಲೂ ಡಿಬಿಎಂ ನೋಡಿ.

ಈಗ ಬ್ಯಾಟರಿ ಮತ್ತು ಬಿಸಿಯ ವಿಷಯ. ಫೋನ್ ಬರೀ ಕೇಳಿಸಿಕೊಳ್ಳುವ ಯಂತ್ರ ಅಲ್ಲ, ಅದು ಟವರ್‌ಗೆ ಮಾತೂ ಆಡಬೇಕು. ಟವರ್ ಹತ್ತಿರ ಇದ್ದರೆ ಪಿಸುಮಾತು ಸಾಕು. ದೂರ ಇದ್ದರೆ, ನಡುವೆ ಗೋಡೆಗಳಿದ್ದರೆ, ಕೂಗಬೇಕು. ಸಾಮಾನ್ಯ 4ಜಿ ಫೋನ್ ಜಾಸ್ತಿ ಅಂದರೆ ಸುಮಾರು 200 ಮಿಲಿವ್ಯಾಟ್ ಶಕ್ತಿಯಲ್ಲಿ ಕಳಿಸುತ್ತದೆ. ಟವರ್ ಎದುರಿಗೇ ಇದ್ದರೆ ಅದರ ಸಾವಿರದಲ್ಲಿ ಒಂದು ಪಾಲೂ ಬೇಕಾಗುವುದಿಲ್ಲ. ಸಿಗ್ನಲ್ ಇಲ್ಲದ ಮೂಲೆಯಲ್ಲಿ ಇಟ್ಟ ಫೋನ್ ಕೂಗುತ್ತದೆ, ಮಧ್ಯೆ ಮಧ್ಯೆ ಬೇರೆ ಟವರ್ ಹುಡುಕುತ್ತದೆ. ಅದಕ್ಕೇ ಬಿಸಿ. ಅದಕ್ಕೇ ಮಧ್ಯಾಹ್ನಕ್ಕೆ ಖಾಲಿ. ನಾವು ನೋಡಿದ್ದು ವಯಸ್ಸಲ್ಲ, ದಿನವಿಡೀ ಕೂಗಿದ ಸುಸ್ತು.

ಗೋಡೆ ಅಂದೆ. ಕಾಂಕ್ರೀಟ್, ಕಬ್ಬಿಣದ ಜಾಲರಿ ಸಿಗ್ನಲ್ ತಿನ್ನುತ್ತವೆ ಅಂತ ಎಲ್ಲರಿಗೂ ಗೊತ್ತು. ಆದರೆ ಶಾಖ ತಡೆಯಲಿ ಅಂತ ಹಾಕುವ ಕೆಲವು ಕಿಟಕಿ ಗಾಜುಗಳಲ್ಲಿ ಲೋಹದ ತೆಳುವಾದ ಲೇಪನ ಇರುತ್ತದೆ. ಅದೂ ಸಿಗ್ನಲ್ ತಡೆಯುತ್ತದೆ. ಅಂಥ ಕಡೆ ಕಿಟಕಿ ತೆರೆದರೆ ಫೋನ್ ನಡೆಯುತ್ತದೆ, ಮುಚ್ಚಿದರೆ ನಿಲ್ಲುತ್ತದೆ.

ಇನ್ನೊಂದು ಮುಖ್ಯ ವಿಷಯ ತರಂಗದ ಜಾತಿ, ಅಂದರೆ ಅದು ಯಾವ ಬ್ಯಾಂಡ್‌ನಲ್ಲಿ (ಯಾವ ಆವರ್ತನದಲ್ಲಿ) ಬರುತ್ತದೆ ಅನ್ನುವುದು. 700, 800, 900 ಮೆಗಾಹರ್ಟ್ಸ್‌ನಂಥ ಕೆಳಗಿನ ಬ್ಯಾಂಡ್‌ಗಳು ದೂರ ಹೋಗುತ್ತವೆ, ಗೋಡೆಯನ್ನೂ ಒಂದಷ್ಟು ದಾಟುತ್ತವೆ, ಆದರೆ ವೇಗ ಕಡಿಮೆ. 3.5 ಗಿಗಾಹರ್ಟ್ಸ್ ಸುತ್ತಮುತ್ತಲಿನ 5ಜಿ ವೇಗವಾಗಿದೆ, ಆದರೆ ಗೋಡೆ ಬಂದರೆ ಸೋಲುತ್ತದೆ. ಇನ್ನು 26, 28 ಗಿಗಾಹರ್ಟ್ಸ್‌ನ ಮಿಲಿಮೀಟರ್ ವೇವ್ ಅನ್ನು ಅಂಗೈ ಅಡ್ಡ ಹಿಡಿದು ತಡೆಯಬಹುದು. ಹಾಗಾಗಿ ಜಾಹೀರಾತಿನಲ್ಲಿ ತೋರಿಸುವ ವೇಗ ಒಂದು ಬ್ಯಾಂಡ್‌ನದ್ದು, ನಿಮ್ಮ ಮಲಗುವ ಕೋಣೆಗೆ ಬರುವುದು ಇನ್ನೊಂದು ಬ್ಯಾಂಡ್. ನಿಮ್ಮ ಕಂಪನಿ ನಿಮ್ಮ ಪ್ರದೇಶದಲ್ಲಿ ಕೆಳಗಿನ ಬ್ಯಾಂಡ್ ಹಾಕಿಲ್ಲದಿದ್ದರೆ ಎಷ್ಟು ದುಬಾರಿ ಫೋನ್ ತಂದರೂ ಒಳಕೋಣೆಗೆ ಅದು ಸಿಗ್ನಲ್ ತಂದುಕೊಡಲಾರದು.

ಕೆಲವರಿಗೆ ಸಿಗ್ನಲ್ ಪೂರ್ತಿ ಇರುತ್ತದೆ, ಆದರೂ ಸಂಜೆ ಏನೂ ತೆರೆಯುವುದಿಲ್ಲ. ಅದು ಜನಜಂಗುಳಿ. ಒಂದು ಟವರ್‌ನ ಸಾಮರ್ಥ್ಯವನ್ನು ಅದರ ಕೆಳಗಿರುವ ಎಲ್ಲರೂ ಹಂಚಿಕೊಳ್ಳಬೇಕು. ಬೆಳಗಿನ ಜಾವ ವೇಗ ನೋಡಿ, ಸಂಜೆ ನೋಡಿ. ಎರಡರ ನಡುವೆ ದೊಡ್ಡ ಅಂತರ ಇದ್ದರೆ ಅದು ಫೋನ್‌ನ ತಪ್ಪಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಕವನ್ನೂ ಹೇಳಬೇಕು. ಹೊಸ ಫೋನ್‌ನಿಂದ ನೆಟ್‌ವರ್ಕ್ ನಿಜವಾಗಿಯೂ ಸುಧಾರಿಸುವ ಸಂದರ್ಭಗಳಿವೆ. ನಿಮ್ಮ ಹಳೆಯ ಫೋನ್‌ಗೆ ಆ ಕೆಳಗಿನ ಬ್ಯಾಂಡ್ ಹಿಡಿಯುವ ಶಕ್ತಿಯೇ ಇಲ್ಲದಿದ್ದರೆ ಬದಲಿಸಲೇಬೇಕು. ಒಂದೇ ಹೆಸರಿನ ಮಾಡೆಲ್ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಬ್ಯಾಂಡ್ ಇಟ್ಟುಕೊಂಡು ಬರುತ್ತದೆ, ಹೊರದೇಶದಿಂದ ಯಾರೋ ತಂದುಕೊಟ್ಟ ಫೋನ್‌ಗಳಲ್ಲಿ ಈ ತೊಂದರೆ ಸಾಮಾನ್ಯ. ವೋಎಲ್‌ಟಿಇ (VoLTE) ವಿಷಯವೂ ಹಾಗೇ, ಅಂದರೆ 4ಜಿಯ ಮೇಲೆ ಮಾತಾಡುವ ವ್ಯವಸ್ಥೆ. 2ಜಿ, 3ಜಿ ಮುಚ್ಚಿದ ಕಡೆಗಳಲ್ಲಿ ಅದಿಲ್ಲದ ಫೋನ್‌ನಿಂದ ಮಾತಾಡಲು ಆಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ 2024ರ ಅಕ್ಟೋಬರ್‌ನಲ್ಲಿ 3ಜಿ ಮುಚ್ಚಿದಾಗ, 4ಜಿಯಲ್ಲಿ ತುರ್ತು ಕರೆ ಮಾಡಲಾಗದ ಫೋನ್‌ಗಳನ್ನು ನೆಟ್‌ವರ್ಕ್‌ನಿಂದಲೇ ಹೊರಗಿಟ್ಟರು. ಅಂಥ ಫೋನ್ ಇಟ್ಟುಕೊಂಡು ಕೂರುವುದು ಅಪಾಯ. ಸೆಕ್ಯುರಿಟಿ ಅಪ್‌ಡೇಟ್ ನಿಂತುಹೋದ ಫೋನ್‌ನಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದೂ ಒಳ್ಳೆಯದಲ್ಲ.

ಆದರೆ ಅಪ್‌ಡೇಟ್ ನಿಲ್ಲುವ ಆ ದಿನ ಈಗ ಮುಂಚಿನಷ್ಟು ಬೇಗ ಬರುವುದಿಲ್ಲ. ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ ಏಳು ವರ್ಷ ಅಪ್‌ಡೇಟ್ ಕೊಡುತ್ತೇನೆ ಅಂದಿತು. ಸ್ಯಾಮ್‌ಸಂಗ್ 2024ರಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಅದೇ ಮಾತು ಕೊಟ್ಟಿತು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್‌ನಿಂದ ಮಾರುವ ಹೊಸ ಫೋನ್‌ಗಳ ಬ್ಯಾಟರಿ 800 ಸಲ ಚಾರ್ಜ್ ಆದಮೇಲೂ 80 ಶೇಕಡ ಸಾಮರ್ಥ್ಯ ಉಳಿಸಿಕೊಂಡಿರಬೇಕು ಅನ್ನುವ ನಿಯಮ ಬಂದಿದೆ. ಫೋನ್ ಏಳು ವರ್ಷ ಬಾಳುತ್ತದೆ ಅಂತ ತಯಾರಿಸಿದವರೇ ಹೇಳುತ್ತಿರುವಾಗ, ಎರಡು ವರ್ಷಕ್ಕೆ ವಾಪಸ್ ಕೊಡು ಅನ್ನುವ ಲೀಸ್ ಯಾಕೆ?

ಅದು ಶುರುವಾದ ಬಗೆ ಹೀಗಿದೆ. ಅಮೆರಿಕದಲ್ಲಿ 2013ರ ಜುಲೈ ಒಂದೇ ತಿಂಗಳಲ್ಲಿ ಟಿ-ಮೊಬೈಲ್, ಎಟಿ ಆ್ಯಂಡ್ ಟಿ, ವೆರೈಜನ್ ಮೂರೂ ಮೊಬೈಲ್ ಕಂಪನಿಗಳು ಒಂದರ ಹಿಂದೆ ಒಂದು ಬೇಗ ಅಪ್‌ಗ್ರೇಡ್ ಮಾಡುವ ಪ್ಲ್ಯಾನ್ ಘೋಷಿಸಿದವು. 2014ರಲ್ಲಿ ಐಫೋನ್ 6 ಬಂದಾಗ ಅಲ್ಲಿನ ಇನ್ನೊಂದು ಕಂಪನಿ ಸ್ಪ್ರಿಂಟ್ ಇನ್ನೂ ಮುಂದೆ ಹೋಗಿ ಫೋನನ್ನು ಲೀಸ್‌ಗೇ ಕೊಡತೊಡಗಿತು. ಹೊಸ ಫೋನ್ ಸುಲಭವಾಗಿ ಸಿಗುತ್ತಿತ್ತು. ಆದರೆ ಸ್ಪ್ರಿಂಟ್ ನೆಟ್‌ವರ್ಕ್ ಬಗ್ಗೆ ಜನರ ದೂರುಗಳು ನಿಲ್ಲಲಿಲ್ಲ. 2020ರಲ್ಲಿ ಅದು ಟಿ-ಮೊಬೈಲ್ ಜೊತೆ ಸೇರಿಹೋಯಿತು. ಇದಕ್ಕೆ ಕಾರಣಗಳು ಹಲವು, ಆದರೆ ಕೈಯಲ್ಲಿ ಹೊಸ ಫೋನ್ ಇಟ್ಟ ಮಾತ್ರಕ್ಕೆ ಗಿರಾಕಿ ಉಳಿಯುವುದಿಲ್ಲ ಅನ್ನುವುದಂತೂ ಅಲ್ಲಿ ಕಾಣುತ್ತದೆ.

ಕಂತಿಗೂ ಲೀಸ್‌ಗೂ ಇರುವ ವ್ಯತ್ಯಾಸ ಎಷ್ಟೋ ಜನಕ್ಕೆ ಸಹಿ ಹಾಕುವಾಗ ಗೊತ್ತಿರುವುದಿಲ್ಲ. ನನಗೂ ಸರಿಯಾಗಿ ಗೊತ್ತಿರಲಿಲ್ಲ. ಕಂತು ಕಟ್ಟಿ ಮುಗಿಸಿದರೆ ಫೋನ್ ನಿಮ್ಮದು. ಲೀಸ್ ಅಂದರೆ ಬಾಡಿಗೆ. ಪೂರ್ತಿ ಕಟ್ಟಿದರೂ ಫೋನ್ ಕಂಪನಿಯದ್ದೇ. ಇಟ್ಟುಕೊಳ್ಳಬೇಕಾದರೆ ಕೊನೆಯಲ್ಲಿ ಮತ್ತೆ ಒಂದು ಮೊತ್ತ ಕೊಡಬೇಕು. ವಾಪಸ್ ಕೊಡುವಾಗ ಗಾಜು ಒಡೆದಿದ್ದರೆ, ಅಂಚು ತಗ್ಗಾಗಿದ್ದರೆ ಅದಕ್ಕೆ ಬೇರೆ ದುಡ್ಡು. ಮಧ್ಯದಲ್ಲಿ ಬಿಡಬೇಕಾದರೆ ಉಳಿದ ತಿಂಗಳುಗಳದ್ದನ್ನು ಒಟ್ಟಿಗೆ ಕಟ್ಟಿ ಅನ್ನುವ ಕರಾರು ಇರಬಹುದು. ಮೇಲೆ ಸಿಮ್ ಲಾಕ್ ಇದ್ದರೆ ಬೇರೆ ಕಂಪನಿಯ ಸಿಮ್ ಹಾಕಿ ಪರೀಕ್ಷೆ ಮಾಡಲೂ ಆಗುವುದಿಲ್ಲ. ಪ್ರತಿ ವರ್ಷ ಹೊಸ ಫೋನ್ ಬೇಕೇ ಬೇಕು ಅನ್ನುವವರಿಗೆ, ಮನೆಯಲ್ಲೂ ಕೆಲಸದಲ್ಲೂ ಆ ಕಂಪನಿಯ ಸಿಗ್ನಲ್ ಗಟ್ಟಿಯಾಗಿ ಇರುವವರಿಗೆ ಲೀಸ್ ಸರಿಹೋಗಬಹುದು. ಅವರಿಗೆ ಬೇಡ ಅಂತ ನಾನು ಹೇಳುವುದಿಲ್ಲ.

ಬ್ಯಾಟರಿಯ ಬಗ್ಗೆ ಒಂದು ಮಾತು ಹೇಳಿ ನಮ್ಮ ಮನೆಯ ಕಥೆಗೆ ಬರುತ್ತೇನೆ. 2017ರ ಡಿಸೆಂಬರ್‌ನಲ್ಲಿ ಆ್ಯಪಲ್, ಬ್ಯಾಟರಿ ಹಳತಾದ ಐಫೋನ್‌ಗಳ ವೇಗ ತಗ್ಗಿಸುತ್ತಿದ್ದೇವೆ ಅಂತ ಒಪ್ಪಿಕೊಂಡಿತು. ಜನ ಸಿಟ್ಟಾದರು. ಬ್ಯಾಟರಿ ಬದಲಿಸುವ ದರವನ್ನು ಒಂದು ವರ್ಷ ತುಂಬಾ ಇಳಿಸಿತು. 2019ರ ಜನವರಿಯಲ್ಲಿ ಆಗ ಆ್ಯಪಲ್ ಮುಖ್ಯಸ್ಥರಾಗಿದ್ದ ಟಿಮ್ ಕುಕ್ ಹೂಡಿಕೆದಾರರಿಗೆ ಪತ್ರ ಬರೆದು, ನಾವು ಅಂದುಕೊಂಡಷ್ಟು ಜನ ಐಫೋನ್ ಅಪ್‌ಗ್ರೇಡ್ ಮಾಡಲಿಲ್ಲ ಅಂದರು. ಕೊಟ್ಟ ಕಾರಣಗಳಲ್ಲಿ ಎರಡು ಕೇಳಿ: ನೆಟ್‌ವರ್ಕ್ ಕಂಪನಿಗಳು ಫೋನ್‌ಗೆ ಕೊಡುತ್ತಿದ್ದ ಸಬ್ಸಿಡಿ ಕಡಿಮೆಯಾಗಿದ್ದು, ಮತ್ತು ಜನ ಅಗ್ಗಕ್ಕೆ ಬ್ಯಾಟರಿ ಬದಲಿಸಿಕೊಂಡಿದ್ದು. ಎಷ್ಟು ಜನರಿಗೆ ಬೇಕಾಗಿದ್ದದ್ದು ಬರೀ ಒಂದು ಹೊಸ ಬ್ಯಾಟರಿ ಅಂತ ಯೋಚನೆ ಮಾಡಿ.

ನಾನು ಅಮ್ಮನ ಹಳೆಯ ಫೋನ್ ಡ್ರಾಯರ್‌ನಿಂದ ಹೊರಗೆ ತೆಗೆದೆ. ಅದಕ್ಕೆ ಲಾಕ್ ಇರಲಿಲ್ಲ. ಬೇರೆ ಕಂಪನಿಯ ಒಂದು ಪ್ರೀಪೇಯ್ಡ್ ಸಿಮ್ ಹಾಕಿ ಅದೇ ಮೂಲೆಯಲ್ಲಿ ನಿಂತೆ. ಮೈನಸ್ 97. ಮೊದಲಿನದಕ್ಕಿಂತ ನೂರು ಪಟ್ಟಿಗೂ ಜಾಸ್ತಿ. ಫೋನ್ ಅದೇ, ಗೋಡೆ ಅದೇ, ಬದಲಾಗಿದ್ದು ಸಿಮ್ ಒಂದೇ. ಒಂದು ವಾರ ಹಾಗೇ ಇಟ್ಟು, ಬೆಳಗ್ಗೆ, ಸಂಜೆ, ರಾತ್ರಿ ನೋಡಿದೆ. ಮೈನಸ್ 100ರ ಕೆಳಗೆ ಇಳಿಯಲಿಲ್ಲ.

ಆಮೇಲೆ ಲೀಸ್ ಬಿಡಿಸಲು ಹೋದೆ. ಉಳಿದ ತಿಂಗಳುಗಳ ಬಾಡಿಗೆ ಒಟ್ಟಿಗೆ ಕಟ್ಟಿಸಿಕೊಂಡರು. ಫೋನನ್ನೂ ವಾಪಸ್ ತಗೊಂಡರು. ಕರಾರಿನಲ್ಲಿ ಹಾಗೇ ಬರೆದಿತ್ತು, ನಾನು ಓದಿರಲಿಲ್ಲ. ಆದರೆ ಸಹಿ ಹಾಕಿಸುವಾಗ ಅಲ್ಲಿದ್ದ ಯಾರೊಬ್ಬರೂ "ನಿಮ್ಮ ಮನೆಯಲ್ಲಿ ನಮ್ಮ ಸಿಗ್ನಲ್ ಹೇಗಿದೆ" ಅಂತ ಒಂದೇ ಒಂದು ಸಲ ಕೇಳಲಿಲ್ಲ. ಬಣ್ಣ ಯಾವುದು ಬೇಕು ಅಂತ ಕೇಳಿದರು. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ಎರಡು ವರ್ಷಕ್ಕೆ ಜನರನ್ನು ಕಟ್ಟಿಹಾಕುವವರು ಅಷ್ಟನ್ನಾದರೂ ಕೇಳಬೇಕು. ಕೇಳದಿದ್ದರೆ ನಾವೇ ಕೇಳಬೇಕು: ವಾಪಸ್ ಕೊಡಲು ಎಷ್ಟು ದಿನ ಅವಕಾಶ ಇದೆ, ಲಾಕ್ ಯಾವಾಗ ತೆಗೆಯುತ್ತೀರಿ, ವೈಫೈ ಮೇಲೆ ಕಾಲ್ ಮಾಡಲು ಬಿಡುತ್ತೀರಾ.

ಹಳೆಯ ಫೋನ್‌ಗೆ ಹೊಸ ಬ್ಯಾಟರಿ ಹಾಕಿಸಿದೆ. ಅಮ್ಮನ ನಂಬರ್ ಪೋರ್ಟ್ ಆಯಿತು. ಮಾರನೆಯ ದಿನ ನಾನೇ ಹೊರಗಿನಿಂದ ಫೋನ್ ಮಾಡಿದೆ. ಅಮ್ಮ ಎತ್ತಿದರು. ಹಿಂದೆ ಕುಕ್ಕರ್ ಸೀಟಿ ಕೇಳಿಸಿತು, ನಲ್ಲಿ ನೀರು ಬೀಳುವ ಸದ್ದೂ ಕೇಳಿಸಿತು. "ಎಲ್ಲಿದ್ದೀಯಮ್ಮ?" ಅಂದೆ.

"ಒಲೆ ಹತ್ರ ಇದ್ದೀನಿ, ಹೇಳು" ಅಂದರು.