ಹೆಣೆದ ಜಡೆ ಲಾಕ್ಸ್ ಆಗುವ ತನಕ

ಕೇಳುಗರೆ, ನಮಸ್ಕಾರ. ತಲೆಯ ಮೇಲಿನ ಒಂದೇ ಒಂದು ಕೂದಲನ್ನು ಎರಡು ಬೆರಳಿನ ನಡುವೆ ಹಿಡಿದುಕೊಳ್ಳಿ. ಬುಡದಿಂದ ತುದಿಗೆ ಸವರಿ. ನುಣ್ಣಗೆ ಜಾರುತ್ತದೆ. ಈಗ ತುದಿಯಿಂದ ಬುಡಕ್ಕೆ ಸವರಿ. ಸ್ವಲ್ಪ ತಡೆಯುತ್ತದೆ, ಅಲ್ವಾ? ಕೂದಲಿನ ಮೈಮೇಲೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪೊರೆಗಳಿವೆ. ಒಂದರ ಮೇಲೊಂದು ಕೂತು, ಎಲ್ಲವೂ ತುದಿಯ ಕಡೆಗೆ ಮುಖ ಮಾಡಿರುತ್ತವೆ. ಬಾಚದೆ ಬಿಟ್ಟ ಕೂದಲು ಒಂದಕ್ಕೊಂದು ಸಿಕ್ಕಿಕೊಳ್ಳುವುದಕ್ಕೆ ಈ ಪೊರೆಗಳೂ ಒಂದು ಕಾರಣ. ಇನ್ನೊಂದು ಕಾರಣ ಗುಂಗುರು. ಸುರುಳಿ ಎಷ್ಟು ಬಿಗಿಯೋ ಅಷ್ಟು ಬೇಗ ಸಿಕ್ಕು. ಅದೇ ಸಿಕ್ಕನ್ನು ಅಡ್ಡಾದಿಡ್ಡಿ ಹೋಗಲು ಬಿಡದೆ, ಬೈತಲೆ ತೆಗೆದು, ಪಾಲು ಪಾಲಾಗಿ ಗಟ್ಟಿಯಾಗಲು ಬಿಟ್ಟರೆ ಲಾಕ್ಸ್. ಡ್ರೆಡ್‌ಲಾಕ್ಸ್ ಅಂತಲೂ ಕರೆಯುತ್ತಾರೆ.

ಶುರು ಮಾಡುವ ದಾರಿ ಹಲವು. ಬಾಚಣಿಗೆಯ ತುದಿಯಿಂದ ಸಣ್ಣ ಸುರುಳಿ ಸುತ್ತಬಹುದು. ಎರಡು ಎಳೆ ಹೊಸೆದು ಟ್ವಿಸ್ಟ್ ಮಾಡಬಹುದು. ಇಲ್ಲವೇ ಮೂರು ಎಳೆಯ ಸಣ್ಣ ಸಣ್ಣ ಜಡೆ ಹೆಣೆಯಬಹುದು. ಮನೆಯಲ್ಲೇ ಶುರು ಮಾಡುವವರಿಗೆ ನಾನು ಹೇಳುವುದು ಜಡೆಯನ್ನೇ. ಯಾಕೆಂದರೆ ಸುರುಳಿ ಸುತ್ತಿದ್ದು ಮೊದಲ ಸಲ ತಲೆಗೆ ನೀರು ಬಿದ್ದಾಗಲೇ ಬಿಚ್ಚಿಕೊಳ್ಳಬಹುದು. ಜಡೆ ಹಾಗಲ್ಲ, ಮೂರು ಎಳೆ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಈಜುವವರಿಗೆ, ವ್ಯಾಯಾಮ ಮಾಡಿ ಬೆವರುವವರಿಗೆ, ಸುರುಳಿ ಸಡಿಲವಾಗಿರುವವರಿಗೆ ಇದೇ ಅನುಕೂಲ.

ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಹೆಣಿಗೆಯ ಗುರುತು ಬೇಗ ಅಳಿಸುವುದಿಲ್ಲ. ಒಂದು ವರ್ಷ ಕಳೆದರೂ ಕೆಳಗಿನ ಭಾಗದಲ್ಲಿ ಜಡೆ ಜಡೆಯಾಗಿಯೇ ಕಾಣಬಹುದು, ಮೇಲೆ ಹೊಸದಾಗಿ ಬೆಳೆದದ್ದು ಮಾತ್ರ ಉರುಟಾಗಿರಬಹುದು. ಕೆಲವರಿಗೆ ಆ ಗುರುತು ಕೊನೆಯವರೆಗೂ ಹೋಗುವುದೇ ಇಲ್ಲ. ಅದು ಕಣ್ಣಿಗೆ ಕಿರಿಕಿರಿ ಅನಿಸುವವರು, ಸುರುಳಿಯೂ ಬಿಗಿಯಾಗಿದ್ದರೆ, ಟ್ವಿಸ್ಟ್ ಮಾಡಿಕೊಳ್ಳುವುದೇ ಒಳ್ಳೆಯದು.

ಇನ್ನೊಂದು ತಪ್ಪು ತಿಳುವಳಿಕೆ ಇದೆ. ಕೃತಕ ಕೂದಲು ಸೇರಿಸಿ ಹೆಣೆಸಿಕೊಂಡ ಜಡೆಯನ್ನು ಹಾಗೇ ಬಿಟ್ಟರೆ ಲಾಕ್ಸ್ ಆಗುತ್ತದೆ ಅಂತ. ಆಗುವುದಿಲ್ಲ. ಪ್ಲಾಸ್ಟಿಕ್ ಎಳೆಗೆ ಆ ಪೊರೆಗಳಿಲ್ಲ. ಅದನ್ನು ಬಿಚ್ಚಿ, ನಿಮ್ಮದೇ ಕೂದಲಿನಿಂದ ಹೊಸದಾಗಿ ಹೆಣೆಯಬೇಕು. ರಾಸಾಯನಿಕ ಹಾಕಿ ನೇರ ಮಾಡಿಸಿದ ಕೂದಲೂ ಸರಿಯಾಗಿ ಸಿಕ್ಕಿಕೊಳ್ಳುವುದಿಲ್ಲ. ಬುಡದಿಂದ ಹತ್ತು ಹದಿನೈದು ಸೆಂಟಿಮೀಟರ್ ಸಹಜ ಕೂದಲು ಬೆಳೆಯಲಿ, ಆಮೇಲೆ ನೋಡೋಣ.

ಹೆಣೆಯುವ ದಿನ ಶಾಂಪೂ ಹಾಕಿ ತಲೆ ಚೆನ್ನಾಗಿ ತೊಳೆಯಿರಿ. ಹಳೆಯ ಎಣ್ಣೆ, ಕ್ರೀಮ್ ಎಲ್ಲ ಹೋಗಬೇಕು. ಕಂಡಿಷನರ್ ಬೇಡ. ಅದರ ಕೆಲಸವೇ ಸಿಕ್ಕು ಬಿಡಿಸುವುದು. ನಮಗೆ ಬೇಕಾದದ್ದು ಸಿಕ್ಕು.

ಈಗ ಬೈತಲೆ. ಇಡೀ ಕೆಲಸದಲ್ಲಿ ಆತುರ ಮಾಡಲೇಬಾರದ ಜಾಗ ಇದು. ಜಡೆ ಸೊಟ್ಟಗಾದರೆ ಬಿಚ್ಚಿ ಹೆಣೆಯಬಹುದು. ಬೈತಲೆ ಸೊಟ್ಟಗಾದರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಚೂಪು ಹಿಡಿಯ ಬಾಚಣಿಗೆ, ನಾಲ್ಕೈದು ಕ್ಲಿಪ್ಪು, ಎರಡು ಕನ್ನಡಿ ಇಟ್ಟುಕೊಳ್ಳಿ. ಕತ್ತಿನ ಹಿಂಭಾಗದಿಂದ ಶುರು ಮಾಡಿ. ಅಲ್ಲಿ ಕೈ ಪಳಗಲಿ, ಮುಂದಕ್ಕೆ ಬರುವ ಹೊತ್ತಿಗೆ ಗೆರೆ ನೆಟ್ಟಗೆ ಬರುತ್ತದೆ. ಚೌಕಗಳನ್ನು ಇಟ್ಟಿಗೆ ಗೋಡೆ ಕಟ್ಟುವ ಹಾಗೆ ಕೂಡಿಸಿ. ಕೆಳಗಿನ ಸಾಲಿನ ಎರಡು ಚೌಕಗಳ ಸಂದಿಯ ಮೇಲೆ ಮೇಲಿನ ಸಾಲಿನ ಚೌಕದ ನಡುಭಾಗ ಬರಲಿ. ಆಗ ಮೇಲಿನ ಜಡೆ ಕೆಳಗಿನ ಸಂದಿಯನ್ನು ಮುಚ್ಚುತ್ತದೆ, ನೆತ್ತಿ ಪಟ್ಟೆ ಪಟ್ಟೆಯಾಗಿ ಕಾಣುವುದಿಲ್ಲ.

ಚೌಕ ಎಷ್ಟು ದೊಡ್ಡದಿರಬೇಕು? ಬದಿಗೆ ಒಂದೂವರೆಯಿಂದ ಎರಡೂವರೆ ಸೆಂಟಿಮೀಟರ್ ಇದ್ದರೆ ಸಾಮಾನ್ಯ ದಪ್ಪ ಬರುತ್ತದೆ. ಹೆಣೆದ ದಿನ ಜಡೆ ತೆಳ್ಳಗೆ ಕಂಡರೆ ಗಾಬರಿ ಬೇಡ. ಮುಂದೆ ಅದು ಊದಿಕೊಳ್ಳುತ್ತದೆ. ಹಣೆಯ ಅಂಚಿನಲ್ಲಿ, ಕಿವಿಯ ಮೇಲೆ ಕೂದಲು ತೆಳುವಾಗಿರುತ್ತದೆ. ಅಲ್ಲಿ ಚೌಕ ಸ್ವಲ್ಪ ದೊಡ್ಡದೇ ಇರಲಿ. ನಾಲ್ಕೇ ಕೂದಲಿಗೆ ಇಡೀ ಲಾಕ್ ಜೋತುಬಿದ್ದರೆ ಬುಡ ತಾಳುವುದಿಲ್ಲ.

ಹೆಣೆಯುವಾಗ ಬಿಗಿ ಮಾಡಬೇಡಿ. ಬಿಗಿ ಹೆಣೆದರೆ ಗಟ್ಟಿ ನಿಲ್ಲುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಒಳಗಿನ ಕೂದಲು ಅತ್ತಿತ್ತ ಮಿಸುಕಾಡಿದರೆ ತಾನೇ ಒಂದಕ್ಕೊಂದು ಸಿಕ್ಕಿಕೊಳ್ಳುವುದು? ಬಿಗಿ ಜಡೆಯಲ್ಲಿ ಅದಕ್ಕೆ ಜಾಗವೇ ಇಲ್ಲ. ಜೊತೆಗೆ ಬುಡ ಎಳೆದೂ ಎಳೆದೂ ಕೂದಲು ಉದುರುವ ತೊಂದರೆ ಬೇರೆ. ವೈದ್ಯರು ಇದಕ್ಕೆ ಟ್ರಾಕ್ಷನ್ ಅಲೋಪೀಷಿಯಾ ಅನ್ನುತ್ತಾರೆ. ಬಹಳ ಕಾಲ ಹಾಗೇ ಎಳೆದರೆ ಆ ಜಾಗದಲ್ಲಿ ಕೂದಲು ಮತ್ತೆ ಹುಟ್ಟದೇ ಇರಬಹುದು. ಹಣೆಯ ಹತ್ತಿರದ ಜಡೆ ಮುಗಿಸಿ ಹುಬ್ಬು ಮೇಲೆತ್ತಿ ನೋಡಿ. ಚುರುಕ್ ಅಂದರೆ, ಬುಡದಲ್ಲಿ ಸಣ್ಣ ಗುಳ್ಳೆ ಎದ್ದರೆ, ಬಿಚ್ಚಿ ಮತ್ತೆ ಹೆಣೆಯಿರಿ. ನಾಳೆ ಸರಿಹೋಗುತ್ತದೆ ಅಂತ ಸುಮ್ನೆ ನೋವು ತಿನ್ನಬೇಡಿ.

ತುದಿಯಲ್ಲಿ ಎರಡು ಮೂರು ಸೆಂಟಿಮೀಟರ್ ಹೆಣೆಯದೆ ಬಿಡಿ. ಗುಂಗುರು ಇದ್ದರೆ ಅಷ್ಟನ್ನು ಬೆರಳಿಗೆ ಸುತ್ತಿ ಬಿಟ್ಟರೆ ಸಾಕು. ನೇರ ಕೂದಲಾದರೆ ಸಣ್ಣ ರಬ್ಬರ್ ಬ್ಯಾಂಡ್ ಹಾಕಿ, ಅದು ಕೂದಲೊಳಗೆ ಹೂತುಹೋಗುವ ಮುಂಚೆ ತೆಗೆದುಬಿಡಿ.

ಇಲ್ಲಿಂದ ಮುಂದೆ ಕಷ್ಟದ ಕೆಲಸ ಅಂದರೆ ಕೈ ಕಟ್ಟಿ ಕೂರುವುದು. ಮೊದಲ ಎರಡು ಮೂರು ವಾರ ತಲೆ ತೊಳೆಯದಿದ್ದರೆ ಒಳ್ಳೆಯದು. ತೊಳೆಯುವಾಗ ತೆಳುವಾದ ಜಾಲರಿ ಟೋಪಿ ಹಾಕಿಕೊಂಡು, ಶಾಂಪೂವನ್ನು ನೀರಿನಲ್ಲಿ ಬೆರೆಸಿ ನೆತ್ತಿಗೆ ತಲುಪಿಸಿ. ಉಜ್ಜಬೇಡಿ, ಒತ್ತಿ ಹಿಂಡಿ. ಆಮೇಲೆ ಪೂರ್ತಿ ಒಣಗಿಸಿ. ಪೂರ್ತಿ ಅಂದರೆ ಪೂರ್ತಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ, ದಿನಗಳೆದಂತೆ ಮುಗ್ಗಲು ವಾಸನೆ ಬರುತ್ತದೆ. ಹಾಗಾಗಿ ರಾತ್ರಿ ತೊಳೆದು ಮಲಗುವ ಅಭ್ಯಾಸ ಬಿಡಿ. ಮಲಗುವಾಗ ಸ್ಯಾಟಿನ್ ಬಟ್ಟೆ ಕಟ್ಟಿಕೊಂಡರೆ ದಿಂಬಿನ ನೂಲುದೂಳು ಕೂದಲಿಗೆ ಅಂಟುವುದಿಲ್ಲ. ಮೇಣ, ದಪ್ಪ ಕ್ರೀಮ್ ಬೇಡವೇ ಬೇಡ. ಲಾಕ್ ಒಳಗೆ ಹೊಕ್ಕ ಮೇಣವನ್ನು ತೊಳೆದು ತೆಗೆಯುವುದು ಯಾರಿಂದಲೂ ಸುಲಭವಲ್ಲ.

ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಜಾಸ್ತಿ ಬೆಳೆಯುತ್ತದೆ. ಆ ಹೊಸ ಬುಡಕ್ಕೆ ಹೆಣಿಗೆ ಇರುವುದಿಲ್ಲ. ನಾಲ್ಕರಿಂದ ಆರು ವಾರಕ್ಕೊಮ್ಮೆ ಅದನ್ನು ನೋಡಿಕೊಂಡರೆ ಸಾಕು. ಒದ್ದೆ ಮಾಡಿ, ಬೇಕಿದ್ದರೆ ಸ್ವಲ್ಪ ಲೋಳೆಸರ ಹಚ್ಚಿ, ಅಂಗೈಯಲ್ಲಿ ಒಂದೇ ದಿಕ್ಕಿಗೆ ಹೊಸೆಯುವುದು ಒಂದು ಕ್ರಮ. ಸಡಿಲ ಸುರುಳಿಯವರಿಗೆ ಇದು ನಿಲ್ಲುವುದಿಲ್ಲ. ಅವರು ಇಂಟರ್‌ಲಾಕಿಂಗ್ ಮಾಡುತ್ತಾರೆ. ಅಂದರೆ ಲಾಕ್‌ನ ತುದಿಯನ್ನು ಕೊಕ್ಕೆಯಿಂದ ಹಿಡಿದು, ಬುಡದ ಹೊಸ ಕೂದಲಿನ ನಡುವೆ ತೂರಿಸಿ ಎಳೆಯುವುದು. ಒಂದು ಸಲ ಮೇಲಿನಿಂದ ಕೆಳಕ್ಕೆ ತೂರಿಸಿದರೆ ಮುಂದಿನ ಸಲ ಬಲದಿಂದ ಎಡಕ್ಕೆ. ಸದಾ ಒಂದೇ ಕಡೆಯಿಂದ ತೂರಿಸಿದರೆ ಬುಡ ಎರಡಾಗಿ ಸೀಳಿ ನಡುವೆ ತೂತು ಬೀಳುತ್ತದೆ. ಪದೇ ಪದೇ ಹೊಸೆದರೂ, ಪದೇ ಪದೇ ತೂರಿಸಿದರೂ ಬುಡ ಸವೆಯುತ್ತದೆ. ಪ್ರತಿ ಸಲ ತೊಳೆದ ಮೇಲೆ ಅಕ್ಕಪಕ್ಕದ ಲಾಕ್‌ಗಳ ಬುಡ ಬಿಡಿಸಿಡಿ, ಇಲ್ಲದಿದ್ದರೆ ಎರಡು ಸೇರಿ ಒಂದಾಗಿಬಿಡುತ್ತವೆ.

ಕೆಲವು ತಿಂಗಳಾದ ಮೇಲೆ ಒಂದು ಜಡೆಯನ್ನು ಎರಡು ಬೆರಳಲ್ಲಿ ಒತ್ತುತ್ತಾ ಕೆಳಗಿಳಿಸಿ. ನಡುವೆ ಎಲ್ಲೋ ಸಣ್ಣ ಗಂಟಿನಷ್ಟು ಗಟ್ಟಿ ಸಿಕ್ಕಿದರೆ ಅಲ್ಲಿ ಸಿಕ್ಕು ಶುರುವಾಗಿದೆ ಅಂತ ಅರ್ಥ. ಜಡೆಯ ಮೈತುಂಬ ಸಣ್ಣ ಕೂದಲೆದ್ದು ಕೆದರಿದಂತೆ ಕಾಣುವುದೂ, ಉದ್ದ ಕಡಿಮೆಯಾದಂತೆ ಕಾಣುವುದೂ ಆಗಲೇ. ಕೂದಲು ಒಳಕ್ಕೆ ಮಡಚಿಕೊಳ್ಳುತ್ತಿದೆ ಅಷ್ಟೇ. ನೆತ್ತಿಯಿಂದ ಬೇರೆ ದಿಕ್ಕಿಗೆ ನಿಂತ ಪ್ರತಿ ಎಳೆಯನ್ನೂ ಮತ್ತೆ ಹೆಣೆಯಲು ಹೋಗಬೇಡಿ. ಪೂರ್ತಿ ಗಟ್ಟಿಯಾಗಲು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ಬೇಕು, ಸಡಿಲ ಕೂದಲಿಗೆ ಇನ್ನೂ ಜಾಸ್ತಿ.

ತಲೆ ಬಾಚಿಕೊಳ್ಳಬಾರದೇ ಅಂತ ಯಾರಾದರೂ ಕೇಳುವುದು ಈ ಕೆದರಿದ ದಿನಗಳಲ್ಲೇ. ಕೆಲವು ಕಡೆ ಅದು ಬರೀ ಮಾತಿಗೆ ನಿಂತಿಲ್ಲ. ಅಮೆರಿಕದಲ್ಲಿ ಲಾಕ್ಸ್ ಬಿಟ್ಟ ಕಪ್ಪು ಜನರು ಶಾಲೆಯಲ್ಲಿ, ಕೆಲಸದಲ್ಲಿ ತಾರತಮ್ಯ ಅನುಭವಿಸಿದ್ದಾರೆ. ಅದನ್ನು ತಡೆಯುವ ಕ್ರೌನ್ ಕಾಯ್ದೆಯನ್ನು ಮೊದಲು ತಂದ ರಾಜ್ಯ ಕ್ಯಾಲಿಫೋರ್ನಿಯಾ, 2019ರಲ್ಲಿ.

ನಡುವೆ ಮನಸ್ಸು ಬದಲಾದರೆ? ಮೊದಲ ಕೆಲವು ತಿಂಗಳು ಕತ್ತರಿ ಬೇಕಿಲ್ಲ. ಈಗ ಕಂಡಿಷನರ್ ಧಾರಾಳವಾಗಿ ಹಚ್ಚಿ. ತುದಿಯಿಂದ ಮೇಲಕ್ಕೆ, ಸೂಜಿಯ ಮೊನೆಯಿಂದ ನಿಧಾನವಾಗಿ ಬಿಡಿಸುತ್ತಾ ಬನ್ನಿ. ಕೈಗೆ ಹಿಡಿ ಹಿಡಿ ಕೂದಲು ಬರುತ್ತದೆ, ಹೆದರಬೇಡಿ. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತದೆ. ಬಾಚುವವರಿಗೆ ಅದು ಬಾಚಣಿಗೆಯಲ್ಲಿ ಸಿಗುತ್ತದೆ. ಜಡೆ ಬಿಟ್ಟವರಿಗೆ ಅದು ಜಡೆಯೊಳಗೇ ಉಳಿದಿರುತ್ತದೆ. ಮೂರು ತಿಂಗಳಿಗೆ ಲೆಕ್ಕ ಹಾಕಿದರೆ ನಾಲ್ಕೂವರೆ ಸಾವಿರಕ್ಕೆ ಕಡಿಮೆಯಿಲ್ಲ. ನಮಸ್ಕಾರ.