ಕೊಲೆಗಾರನನ್ನೇ ಬದಲಿಸಿದರೆ ಕಥೆಯಲ್ಲಿ ಉಳಿಯುವುದೇನು?

ನಮಸ್ಕಾರ. ಮೊದಲೇ ಒಂದು ಮಾತು. ಈ ಸಂಚಿಕೆಯಲ್ಲಿ ಇಂಗ್ಲೆಂಡಿನ ಪತ್ತೇದಾರಿ ಲೇಖಕಿ ಅಗಾಥಾ ಕ್ರಿಸ್ಟಿ ಅವರ ಕೆಲವು ಕಾದಂಬರಿಗಳ ಗುಟ್ಟು ರಟ್ಟಾಗುತ್ತದೆ. ಕೊಲೆ ಮಾಡಿದವರು ಯಾರು ಅಂತ ಹೆಸರು ಹಿಡಿದೇ ಹೇಳುತ್ತೇನೆ. ಬೇರೆ ದಾರಿ ಇಲ್ಲ, ಇವತ್ತಿನ ಜಗಳವೇ ಅದರ ಮೇಲೆ. 'ದ ಬಾಡಿ ಇನ್ ದ ಲೈಬ್ರರಿ', 'ಆರ್ಡೀಲ್ ಬೈ ಇನೊಸೆನ್ಸ್', 'ದ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್', 'ಎಂಡ್‌ಲೆಸ್ ನೈಟ್' ಈ ನಾಲ್ಕನ್ನು ಓದದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಓದಿಕೊಂಡು ಬನ್ನಿ.

ಸರಿ, ವಿಷಯಕ್ಕೆ ಬರೋಣ. ಪುಸ್ತಕವನ್ನು ಟಿವಿಗೆ ತರುವಾಗ ಏನೇನೋ ಬದಲಾಗುತ್ತದೆ. ಅದು ಎಲ್ಲರಿಗೂ ಗೊತ್ತು. ನಾಲ್ಕು ಪಾತ್ರ ಎರಡಾಗುತ್ತವೆ, ಮೂರು ಊರು ಒಂದಾಗುತ್ತದೆ, ಹತ್ತು ಪುಟದ ಮಾತು ಒಂದು ನೋಟದಲ್ಲಿ ಮುಗಿಯುತ್ತದೆ. ಇದಕ್ಕೆಲ್ಲ ನನ್ನ ತಕರಾರಿಲ್ಲ. ನನ್ನ ಕೋಪ ಒಂದೇ ವಿಷಯಕ್ಕೆ. ಕ್ರಿಸ್ಟಿ ಅವರ ಹೆಸರು ದೊಡ್ಡದಾಗಿ ಹಾಕಿ, ಅವರ ಪುಸ್ತಕದ ಹೆಸರನ್ನೇ ಇಟ್ಟು, ಒಳಗೆ ಕೊಲೆಗಾರನನ್ನೇ ಬದಲಿಸಿಬಿಡುತ್ತಾರಲ್ಲ, ಅದನ್ನು ನನ್ನಿಂದ ಸಹಿಸಲು ಆಗುವುದಿಲ್ಲ.

ಯಾಕೆ ಅಂತ ಒಂದೇ ಪುಸ್ತಕ ಹಿಡಿದು ನಿಧಾನವಾಗಿ ನೋಡೋಣ. 1942ರ 'ದ ಬಾಡಿ ಇನ್ ದ ಲೈಬ್ರರಿ'. ಕರ್ನಲ್ ಬ್ಯಾಂಟ್ರಿ ಮನೆಯ ಲೈಬ್ರರಿಯಲ್ಲಿ ಬೆಳಿಗ್ಗೆ ಒಂದು ಹುಡುಗಿಯ ಹೆಣ ಬಿದ್ದಿರುತ್ತದೆ. ಸ್ಯಾಟಿನ್ ಉಡುಪು, ಬಣ್ಣ ಹಾಕಿದ ಕೂದಲು. ಯಾರು ಅಂತ ಮನೆಯವರಿಗೆ ಗೊತ್ತಿಲ್ಲ. ಹೋಟೆಲ್ಲಿನಲ್ಲಿ ಡಾನ್ಸ್ ಮಾಡುವ ಜೋಸಿ ಬಂದು, "ಇವಳು ನನ್ನ ಸಂಬಂಧಿ ರೂಬಿ ಕೀನ್" ಎಂದು ಗುರುತಿಸುತ್ತಾಳೆ. ಎಲ್ಲರೂ ನಂಬುತ್ತಾರೆ. ಕ್ರಿಸ್ಟಿ ಅವರ ಪತ್ತೇದಾರಿ ಅಜ್ಜಿ ಮಿಸ್ ಮಾರ್ಪಲ್ ಮಾತ್ರ ಹುಡುಗಿಯ ಉಗುರು ನೋಡುತ್ತಾರೆ. ಕಚ್ಚಿ ಕಚ್ಚಿ ಮೊಂಡಾದ ಉಗುರು. ಆಮೇಲೆ ಎಷ್ಟೋ ಪುಟ ದಾಟಿದ ಮೇಲೆ ಪೀಟರ್ ಅನ್ನುವ ಸಣ್ಣ ಹುಡುಗ ತನ್ನ ಸಂಗ್ರಹ ತೋರಿಸುತ್ತಾನೆ. ಪತ್ತೇದಾರಿ ಹುಚ್ಚಿನ ಹುಡುಗ ಅವನು. ಕೊಲೆಯಾದವಳ ನೆನಪಿಗೆ ಅಂತ ಅವಳ ಉಗುರಿನ ತುಂಡೊಂದನ್ನು ಎತ್ತಿಟ್ಟುಕೊಂಡಿರುತ್ತಾನೆ. ರೂಬಿಯ ಉಗುರು ಶಾಲಿಗೆ ಸಿಕ್ಕಿ ಹರಿದಿತ್ತು, ಅದನ್ನು ಕತ್ತರಿಸಿ ಹಾಕಿದ್ದರು. ಅಂದರೆ ರೂಬಿಗೆ ಉದ್ದ ಉಗುರಿತ್ತು. ಹಾಗಾದರೆ ಲೈಬ್ರರಿಯಲ್ಲಿ ಬಿದ್ದಿದ್ದು ಯಾರ ಹೆಣ? ಜೋಸಿ ಯಾಕೆ ಸುಳ್ಳು ಹೇಳಿದಳು?

ಇಷ್ಟೇ ಆಗಿದ್ದರೂ ಸಾಕಿತ್ತು. ಆದರೆ ಕ್ರಿಸ್ಟಿ ಇನ್ನೊಂದು ಎಳೆ ಇಟ್ಟಿದ್ದಾರೆ. ರೂಬಿಯನ್ನು ದತ್ತು ತೆಗೆದುಕೊಂಡು 50,000 ಪೌಂಡ್ ಬರೆದಿಡಲು ಹೊರಟವರು ಜೆಫರ್ಸನ್ ಎಂಬ ಶ್ರೀಮಂತ ಮುದುಕರು. ವಿಮಾನ ಅಪಘಾತದಲ್ಲಿ ಹೆಂಡತಿ, ಮಗ, ಮಗಳು ಎಲ್ಲರನ್ನೂ ಕಳೆದುಕೊಂಡವರು. ಅವರ ಜೊತೆಗಿರುವವರು ಅಳಿಯ ಮಾರ್ಕ್ ಮತ್ತು ಸೊಸೆ ಅಡಿಲೇಡ್. ಆ ಹಣ ರೂಬಿಗೆ ಹೋದರೆ ಜೋಸಿಗೇನು ನಷ್ಟ? ಮೇಲುನೋಟಕ್ಕೆ ಏನೂ ಇಲ್ಲ. ಉತ್ತರ ಇರುವುದು ಮದುವೆಯ ದಾಖಲೆಯಲ್ಲಿ. ಮಾರ್ಕ್ ಮತ್ತು ಜೋಸಿ ಗುಟ್ಟಾಗಿ ಮದುವೆಯಾಗಿದ್ದರು. ಹಣ ರೂಬಿಯ ಪಾಲಾಗದಂತೆ ಕೊಲೆ ಮಾಡಿದವರು ಇವರಿಬ್ಬರೇ. ಈ ಉತ್ತರಕ್ಕೆ ಕ್ರಿಸ್ಟಿ ಮೊದಲೇ ನೆಲ ಹದ ಮಾಡಿರುತ್ತಾರೆ. ಅದೇ ಊರಿನಲ್ಲಿ ಬೇಸಿಲ್ ಬ್ಲೇಕ್ ಅನ್ನುವ ಯುವಕ ಒಬ್ಬ ಹುಡುಗಿಯ ಜೊತೆ ಮದುವೆ ಇಲ್ಲದೆ ಇದ್ದಾನೆ ಅಂತ ಊರೆಲ್ಲ ಗುಸುಗುಸು. ಮಿಸ್ ಮಾರ್ಪಲ್ ಮಾತ್ರ, ಇವರಿಬ್ಬರೂ ಗಂಡ ಹೆಂಡತಿ ಎಂದು ಹಿಡಿದುಬಿಡುತ್ತಾರೆ. ಒಂದು ಗುಪ್ತ ಮದುವೆಯನ್ನು ಕಣ್ಣೆದುರೇ ಬಿಚ್ಚಿ ತೋರಿಸಿ, ಇನ್ನೊಂದನ್ನು ಅದರ ಹಿಂದೆ ಅಡಗಿಸಿದ್ದಾರೆ. ಓದುವಾಗ ಗೊತ್ತೇ ಆಗುವುದಿಲ್ಲ. ಎರಡನೇ ಸಲ ಓದಿದಾಗ ಮೈ ಜುಮ್ಮೆನ್ನುತ್ತದೆ.

ಈಗ 2004ಕ್ಕೆ ಬನ್ನಿ. ಬ್ರಿಟನ್ನಿನ ಟಿವಿ ಸಂಸ್ಥೆ ಐಟಿವಿಯವರು ನಟಿ ಜೆರಾಲ್ಡೀನ್ ಮೆಕ್‌ಇವನ್ ಅವರನ್ನು ಹಾಕಿಕೊಂಡು ಹೊಸ 'ಮಾರ್ಪಲ್' ಶುರು ಮಾಡಿದರು. ಮೊದಲ ಕಥೆಯೇ ಇದು. ಇದರಲ್ಲಿ ಮಾರ್ಕ್ ನಿರಪರಾಧಿ. ಜೋಸಿಯ ಜೊತೆ ಕೊಲೆ ಮಾಡಿದವಳು ಸೊಸೆ ಅಡಿಲೇಡ್, ಯಾಕೆಂದರೆ ಅವರಿಬ್ಬರೂ ಪ್ರೇಮಿಗಳು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಇಬ್ಬರು ಹೆಂಗಸರು ಪ್ರೀತಿಸಿದ್ದು ನನ್ನ ದೂರಲ್ಲ. ಕ್ರಿಸ್ಟಿ ಅವರೇ 1950ರ 'ಎ ಮರ್ಡರ್ ಈಸ್ ಅನೌನ್ಸ್‌ಡ್' ಕಾದಂಬರಿಯಲ್ಲಿ ಹಿಂಚ್‌ಕ್ಲಿಫ್ ಮತ್ತು ಮರ್ಗಟ್ರಾಯ್ಡ್ ಎಂಬ ಇಬ್ಬರು ಹೆಂಗಸರ ಸಂಸಾರವನ್ನು ಎಷ್ಟು ಪ್ರೀತಿಯಿಂದ ಬರೆದಿದ್ದಾರೆ! ಮರ್ಗಟ್ರಾಯ್ಡ್ ಕೊಲೆಯಾದಾಗ ಹಿಂಚ್‌ಕ್ಲಿಫ್ ಅನುಭವಿಸುವ ದುಃಖ ಇಡೀ ಪುಸ್ತಕದಲ್ಲೇ ನನ್ನನ್ನು ಜಾಸ್ತಿ ಕಲಕಿದ ಭಾಗ. ಅಂಥ ಕಥೆ ಬೇಕಿದ್ದರೆ ಅಲ್ಲೇ ಇತ್ತು. ನನ್ನ ದೂರು ಲೆಕ್ಕದ್ದು. ಮದುವೆಯೇ ಇಲ್ಲದ ಮೇಲೆ ಮದುವೆಯ ದಾಖಲೆ ಏನಾಯಿತು? ಬೇಸಿಲ್ ಬ್ಲೇಕ್ ಕಥೆ ಯಾತಕ್ಕೆ? ಹೆಂಡತಿ ಎನ್ನುವ ಕಾನೂನಿನ ಹಕ್ಕಿನಿಂದ ಹುಟ್ಟಿದ ಕೊಲೆಯ ಉದ್ದೇಶ ಎಲ್ಲಿ ಹೋಯಿತು? ಇದು ಚುಕ್ಕಿ ರಂಗೋಲಿ ಇದ್ದಂತೆ. ನಾಲ್ಕು ಚುಕ್ಕಿ ಅಳಿಸಿ, ಗೆರೆಗಳನ್ನು ಹಾಗೇ ಎಳೆದರೆ ನೋಡಲು ಬಣ್ಣ ಇರುತ್ತದೆ, ಆದರೆ ಯಾವ ಗೆರೆಯೂ ಎಲ್ಲಿಗೂ ಸೇರುವುದಿಲ್ಲ.

ಪತ್ತೇದಾರಿ ಕಾದಂಬರಿಗೂ ಬೇರೆ ಕಾದಂಬರಿಗೂ ಇರುವ ವ್ಯತ್ಯಾಸ ಇದೇ ಅಲ್ವಾ? ಇಲ್ಲಿ ಕೊನೆಯ ಪುಟ ಮೊದಲು ಹುಟ್ಟುತ್ತದೆ. ಯಾರು, ಯಾಕೆ, ಹೇಗೆ ಎನ್ನುವುದು ಗಟ್ಟಿಯಾದ ಮೇಲೆ ಉಳಿದದ್ದೆಲ್ಲ ಅದಕ್ಕೆ ತಕ್ಕಂತೆ ಕೂರುತ್ತದೆ. ಕೊಲೆಗಾರ ಬದಲಾದರೆ ಮೊದಲ ಪುಟದ ಮಾತೂ ಸುಳ್ಳಾಗುತ್ತದೆ.

'ಆರ್ಡೀಲ್ ಬೈ ಇನೊಸೆನ್ಸ್' ವಿಷಯದಲ್ಲಿ ಆದದ್ದು ಇನ್ನೂ ದೊಡ್ಡ ನಷ್ಟ. 1958ರ ಪುಸ್ತಕ. ಸಾಕುತಾಯಿಯನ್ನು ಕೊಂದ ಅಂತ ಜ್ಯಾಕೋಗೆ ಶಿಕ್ಷೆಯಾಗಿದೆ, ಅವನು ಜೈಲಿನಲ್ಲೇ ಸತ್ತಿದ್ದಾನೆ. ಆಮೇಲೆ ಡಾಕ್ಟರ್ ಕ್ಯಾಲ್ಗರಿ ಬಂದು ಹೇಳುತ್ತಾರೆ, ಕೊಲೆಯಾದ ಹೊತ್ತಿಗೆ ಆ ಹುಡುಗ ನನ್ನ ಕಾರಿನಲ್ಲಿದ್ದ. ಅವರು ಅಂಟಾರ್ಕ್ಟಿಕಾಗೆ ಹೋಗಿದ್ದರಿಂದ ವಿಚಾರಣೆಯ ಸುದ್ದಿಯೇ ತಿಳಿದಿರಲಿಲ್ಲ. ಮನೆಯವರು ಖುಷಿಪಡುತ್ತಾರೆ ಅಂದುಕೊಂಡು ಬಂದರೆ, ಎಲ್ಲರ ಮುಖ ಬಿಳಿಚಿಕೊಳ್ಳುತ್ತದೆ. ಅವನಲ್ಲ ಅಂದರೆ ನಮ್ಮಲ್ಲೇ ಒಬ್ಬರು! ಕೊನೆಗೆ ಹೊರಬೀಳುವ ಸತ್ಯ ಏನು ಗೊತ್ತಾ? ಕೊಲೆಯ ಯೋಜನೆ ಜ್ಯಾಕೋನದ್ದೇ. ಮನೆಯಲ್ಲಿದ್ದ ಕರ್ಸ್ಟನ್ ಎಂಬ ಹೆಂಗಸನ್ನು ಪ್ರೀತಿಯ ನಾಟಕವಾಡಿ ಮರುಳು ಮಾಡಿ, ಅವಳ ಕೈಯಿಂದ ಮಾಡಿಸಿದ್ದ. ನಿರಪರಾಧಿ ಅಂತ ಸಾಬೀತಾದವನೇ ಅಪರಾಧಿ. ಎಂಥ ತಿರುವು ನೋಡಿ! ಸಾಕ್ಷಿ ಸುಳ್ಳಲ್ಲ, ಕ್ಯಾಲ್ಗರಿ ಸುಳ್ಳು ಹೇಳಿಲ್ಲ, ಆದರೂ ಮೊದಲಿನ ತೀರ್ಪು ಅರ್ಧ ಸರಿಯಾಗಿತ್ತು.

2018ರ ಬಿಬಿಸಿ ಸರಣಿಯಲ್ಲಿ ಕೊಲೆಗಾರ ಮನೆಯ ಯಜಮಾನ ಲಿಯೋ. ಹುಡುಗ ಪಾಪ, ನಿಜವಾಗಿಯೂ ನಿರಪರಾಧಿ. ಗಂಡ ಹೆಂಡತಿಯನ್ನು ಕೊಂದ. ಅಷ್ಟೇ. ಇಂಥ ಕಥೆ ನೂರು ಸೀರಿಯಲ್‌ಗಳಲ್ಲಿ ಬಂದಿದೆ. ನಟರು ಅದ್ಭುತ, ಛಾಯಾಗ್ರಹಣ ಅದ್ಭುತ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಬೇರೆ ಯಾರಿಗೂ ಹೊಳೆಯದ ಉಪಾಯವನ್ನು ತೆಗೆದು, ಎಲ್ಲರಿಗೂ ಹೊಳೆಯುವ ಉಪಾಯವನ್ನು ಆ ಜಾಗದಲ್ಲಿ ಇಟ್ಟಿದ್ದಾರೆ.

ಅದೇ ವರ್ಷ 'ದ ಎಬಿಸಿ ಮರ್ಡರ್ಸ್' ಬಂತು, ಜಾನ್ ಮಾಲ್ಕೊವಿಚ್ ಕ್ರಿಸ್ಟಿ ಅವರ ಇನ್ನೊಬ್ಬ ಪತ್ತೇದಾರ ಪ್ವಾರೋ ಆಗಿ. ಪ್ವಾರೋ ಯಾವತ್ತೂ ಪೊಲೀಸ್ ಆಗಿರಲೇ ಇಲ್ಲ, ಬೆಲ್ಜಿಯಂನಲ್ಲಿ ಪಾದ್ರಿಯಾಗಿದ್ದ ಅನ್ನುವುದು ಅಲ್ಲಿನ ದೊಡ್ಡ ರಹಸ್ಯ. ಪುಸ್ತಕಗಳಲ್ಲಾದರೆ ಅವನು ಬೆಲ್ಜಿಯಂ ಪೊಲೀಸ್ ಆಗಿದ್ದವನು. 1920ರಲ್ಲಿ ಬಂದ ಮೊಟ್ಟಮೊದಲ ಪ್ವಾರೋ ಪುಸ್ತಕದಲ್ಲೇ ಇನ್‌ಸ್ಪೆಕ್ಟರ್ ಜ್ಯಾಪ್ ನೆನಪಿಸಿಕೊಳ್ಳುತ್ತಾನೆ, 1904ರಲ್ಲಿ ತಾವಿಬ್ಬರೂ ಸೇರಿ ಒಂದು ಫೋರ್ಜರಿ ಕೇಸ್ ಹಿಡಿದಿದ್ದೆವು ಅಂತ. ಮೂವತ್ತಕ್ಕೂ ಹೆಚ್ಚು ಕಾದಂಬರಿಗಳಲ್ಲಿ ನಡೆದು ಬಂದ ಮನುಷ್ಯನ ಗುರುತನ್ನೇ ಒಂದು ಸರಣಿಗೋಸ್ಕರ ಅಳಿಸುವುದು ಯಾವ ನ್ಯಾಯ? ಅವನ ಗೆಳೆಯ ಹೇಸ್ಟಿಂಗ್ಸ್ ಇಲ್ಲ. ಜ್ಯಾಪ್ ಆರಂಭದಲ್ಲೇ ಸಾಯುತ್ತಾನೆ.

ಯಾಕೆ ಹೀಗೆ ಮಾಡುತ್ತಾರೆ? ಒಂದು ಕಾರಣ ನನಗೂ ಅರ್ಥವಾಗುತ್ತದೆ. ಈ ಕಥೆಗಳು ಮತ್ತೆ ಮತ್ತೆ ತೆರೆಗೆ ಬಂದಿವೆ, ಓದಿದವರಿಗೆ ಉತ್ತರ ಗೊತ್ತು, ಅವರಿಗೂ ಆಶ್ಚರ್ಯ ಕೊಡಬೇಕು ಅನ್ನುವ ಆಸೆ. ಇನ್ನೊಂದು ಕಾರಣ, ಸರಕು ಮುಗಿಯುವುದು. ಮಿಸ್ ಮಾರ್ಪಲ್ ಇರುವ ಕಾದಂಬರಿಗಳು 12 ಮಾತ್ರ. ಐಟಿವಿ 2013ರವರೆಗೆ 23 ಕಂತು ತೆಗೆಯಿತು. ಮಿಕ್ಕದ್ದಕ್ಕೆ ಎಲ್ಲಿಗೆ ಹೋಗುವುದು? ಅವರಿಲ್ಲದ ಪುಸ್ತಕಗಳಿಗೆ ಅವರನ್ನು ತಂದು ಸೇರಿಸಿದರು. ಅದರಲ್ಲೊಂದು 'ಎಂಡ್‌ಲೆಸ್ ನೈಟ್'. ಅದು ಮೈಕ್ ಎಂಬ ಯುವಕ ತಾನೇ ಹೇಳುವ ಕಥೆ, ಕೊಲೆಗಾರನೂ ಅವನೇ. ಅವನ ತಲೆಯೊಳಗೆ ನಾವು ಒಬ್ಬರೇ ಸಿಕ್ಕಿಹಾಕಿಕೊಂಡಿದ್ದೇವೆ, ಕಾಪಾಡಲು ಯಾವ ಪತ್ತೇದಾರನೂ ಇಲ್ಲ ಅನ್ನುವುದೇ ಆ ಪುಸ್ತಕದ ಭಯ. ಅಲ್ಲಿಗೆ ಹೆಣಿಗೆ ಹಿಡಿದುಕೊಂಡು ಮಿಸ್ ಮಾರ್ಪಲ್ ಬಂದು ಕೂತರೆ ಭಯ ಎಲ್ಲಿ ಉಳಿಯಿತು?

ಮೂರನೇ ಕಾರಣವೇ ನನಗೆ ಜಾಸ್ತಿ ನೋವು ಕೊಡುವುದು. ಕ್ರಿಸ್ಟಿ ಕಥೆಗಳು ಆಳವಿಲ್ಲದ ಒಗಟು, ನಾವು ಅದಕ್ಕೆ ಆಳ ಕೊಡುತ್ತೇವೆ ಅನ್ನುವ ಭಾವನೆ. ಹಾಗಾಗಿ ದುಡ್ಡಿಗಾಗಿ ಕೊಂದವನಿಗೆ ಹಳೆಯ ಗಾಯ ಒಂದನ್ನು ಹಚ್ಚುತ್ತಾರೆ, ಯುದ್ಧದ ನೆನಪು ತರುತ್ತಾರೆ. ಆದರೆ ಆಸ್ತಿಗೋಸ್ಕರ, ಉಯಿಲಿನ ಒಂದು ಸಾಲಿಗೋಸ್ಕರ, ಊಟದ ಮೇಜಿನಲ್ಲಿ ನಗುನಗುತ್ತಾ ಕೂತವರು ಕೊಲ್ಲುತ್ತಾರೆ ಅನ್ನುವುದು ಆಳವಿಲ್ಲದ ಮಾತಾ? ನಮ್ಮ ಸುತ್ತ ಕೋರ್ಟು ಮೆಟ್ಟಿಲು ಹತ್ತಿದ ಅಣ್ಣತಮ್ಮಂದಿರನ್ನು ನೋಡಿದ ಯಾರಾದರೂ ಹಾಗೆ ಹೇಳಲಾರರು.

ಅವರ ಒಗಟುಗಳ ಗಟ್ಟಿತನಕ್ಕೆ ಒಂದು ನಿಜ ಘಟನೆ ಹೇಳುತ್ತೇನೆ. ಮೊದಲ ಮಹಾಯುದ್ಧದ ಕಾಲದಲ್ಲಿ ಕ್ರಿಸ್ಟಿ ತಮ್ಮ ಊರಾದ ಟಾರ್ಕಿಯಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡಿದವರು. ವಿಷಗಳ ಬಗ್ಗೆ ಸುಮ್ನೆ ಬರೆದವರಲ್ಲ. 1961ರ 'ದ ಪೇಲ್ ಹಾರ್ಸ್' ಕಾದಂಬರಿಯಲ್ಲಿ ಥ್ಯಾಲಿಯಂ ವಿಷದ ಲಕ್ಷಣಗಳಿವೆ, ಮುಖ್ಯವಾಗಿ ಕೂದಲು ಉದುರುವುದು. 1977ರಲ್ಲಿ ಕತಾರ್‌ನಿಂದ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಗೆ ಒಂದು ಮಗುವನ್ನು ಕರೆತಂದರು. ಕಾಯಿಲೆ ಏನು ಅಂತ ವೈದ್ಯರಿಗೆ ಹೊಳೆಯಲಿಲ್ಲ. ಆ ಹೊತ್ತಿಗೆ ಈ ಪುಸ್ತಕ ಓದುತ್ತಿದ್ದ ನರ್ಸ್ ಒಬ್ಬರು ಇದು ಥ್ಯಾಲಿಯಂ ಇರಬಹುದು ಎಂದರು. ಪರೀಕ್ಷೆ ಮಾಡಿದರೆ ಅದೇ ನಿಜವಾಗಿತ್ತು. ಮಗು ಬದುಕಿತು. ಬರೆದ ಸುಳಿವು ಅಷ್ಟು ಕರಾರುವಾಕ್ಕಾಗಿತ್ತು. ಅದೇ ಪುಸ್ತಕವನ್ನು ಬಿಬಿಸಿ 2020ರಲ್ಲಿ ತಂದಾಗ, ಕಥೆಯ ನಾಯಕನನ್ನೇ ತನ್ನ ಹೆಂಡತಿಯನ್ನು ಕೊಂದವನನ್ನಾಗಿ ಮಾಡಿತು.

ಬದಲಾವಣೆಯೇ ಬೇಡ ಅನ್ನುವ ಪೈಕಿ ನಾನಲ್ಲ. 'ರೋಜರ್ ಆಕ್ರಾಯ್ಡ್' ತೆರೆಗೆ ತರುವುದು ಕಷ್ಟ, ಒಪ್ಪುತ್ತೇನೆ. ಕಥೆ ಹೇಳುವ ಡಾಕ್ಟರೇ ಕೊಲೆಗಾರ, ಕ್ಯಾಮೆರಾಗೆ ಹಾಗೆ ಬಚ್ಚಿಡಲು ಬರುವುದಿಲ್ಲ. ಆದರೆ 2000ದ ರೂಪಾಂತರದ ಕೊನೆಗೆ ಕಾರ್ಖಾನೆಯಲ್ಲಿ ಗುಂಡು ಹಾರಿಸುತ್ತಾ ಓಡುವ ದೃಶ್ಯ ಯಾತಕ್ಕೆ ಬೇಕಿತ್ತೋ! 2010ರ 'ಓರಿಯಂಟ್ ಎಕ್ಸ್‌ಪ್ರೆಸ್'ನಲ್ಲಿ ಡೇವಿಡ್ ಸುಶೆ ಅವರ ಪ್ವಾರೋ ಕೊನೆಗೆ ಕೈಯಲ್ಲಿ ಜಪಮಾಲೆ ಹಿಡಿದು ಕಣ್ಣೀರಿಡುತ್ತಾನೆ. ಪುಸ್ತಕದಲ್ಲಿ ಅದಿಲ್ಲ. ಆದರೂ ಅದು ನನಗೆ ಒಪ್ಪಿಗೆ. ಪುಸ್ತಕದ ಪ್ವಾರೋ ಕ್ಯಾಥೊಲಿಕ್ ದೈವಭಕ್ತನೇ, ಕೊಲೆ ಮಾಡಿದವರನ್ನು ಏನು ಮಾಡಬೇಕು ಅನ್ನುವ ಕೊನೆಯ ತೀರ್ಮಾನ ಅವನಿಗೆ ಹಗುರವಾಗಿರಲಿಕ್ಕಿಲ್ಲ. ಒಳಗಿದ್ದದ್ದನ್ನು ಹೊರಗೆ ತಂದಿದ್ದಾರೆ. ಸುಶೆ ಅವರು ಪುಸ್ತಕಗಳನ್ನೆಲ್ಲ ಓದಿ ಪ್ವಾರೋ ಬಗ್ಗೆ 93 ಅಂಶಗಳ ಪಟ್ಟಿ ಮಾಡಿಕೊಂಡಿದ್ದರು. ಕಾಫಿಗೆ ಎಷ್ಟು ತುಂಡು ಸಕ್ಕರೆ ಅನ್ನುವುದೂ ಅದರಲ್ಲಿತ್ತು. 1989ರಿಂದ 2013ರವರೆಗೆ 70 ಕಂತು ಆ ಪಾತ್ರವನ್ನು ಹೊತ್ತವರಿಗೆ ಇಷ್ಟು ಸ್ವಾತಂತ್ರ್ಯ ಸಲ್ಲುತ್ತದೆ.

2015ರ 'ಅಂಡ್ ದೆನ್ ದೇರ್ ವರ್ ನನ್' ನೋಡಿ. ಕ್ರೌರ್ಯ ಜಾಸ್ತಿ ಮಾಡಿದರು, ಪಾತ್ರಗಳ ಹಿಂದಿನ ಪಾಪಗಳನ್ನು ಬದಲಿಸಿದರು. ಆದರೆ ಯಾರೂ ಬದುಕುಳಿಯದ ಕೊನೆಯನ್ನು ಮುಟ್ಟಲಿಲ್ಲ. 1943ರಲ್ಲಿ ಕ್ರಿಸ್ಟಿ ಅವರೇ ನಾಟಕಕ್ಕೋಸ್ಕರ ಆ ಕೊನೆಯನ್ನು ಮೆದು ಮಾಡಿದ್ದರು, 1945ರ ಹಾಲಿವುಡ್ ಸಿನಿಮಾ ಅದನ್ನೇ ಹಿಡಿದಿತ್ತು. ಬಿಬಿಸಿ ಕಾದಂಬರಿಗೇ ವಾಪಸ್ ಹೋಯಿತು. ನೋಡುವವರು ಬೆಚ್ಚಿಬಿದ್ದರು. ಬರೆದದ್ದು ಸಾರಾ ಫೆಲ್ಪ್ಸ್, 'ಆರ್ಡೀಲ್' ಮತ್ತು 'ಎಬಿಸಿ' ಬರೆದವರೂ ಅವರೇ. ಅದಕ್ಕೇ ನನಗೆ ಹೊಟ್ಟೆ ಉರಿಯುವುದು. ಕೈ ಬರದವರಲ್ಲ.

ನಮ್ಮ ದೇಶದಲ್ಲೇ ಉದಾಹರಣೆ ಇದೆ. 1993ರಲ್ಲಿ ದೂರದರ್ಶನದಲ್ಲಿ ಬಾಸು ಚಟರ್ಜಿ ಅವರ 'ಬ್ಯೋಮಕೇಶ್ ಬಕ್ಷಿ' ಬಂತು, ರಜಿತ್ ಕಪೂರ್ ಮುಖ್ಯ ಪಾತ್ರದಲ್ಲಿ. ಖರ್ಚು ಕಡಿಮೆ, ಸೆಟ್ ಸಾಧಾರಣ. ಶರದಿಂದು ಬಂದ್ಯೋಪಾಧ್ಯಾಯರ ಬಂಗಾಳಿ ಕಥೆಗಳನ್ನು ನಂಬಿ ತೆಗೆದರು. ಕನ್ನಡದ ಮನೆಗಳಲ್ಲೂ ಹಿಂದಿ ಅರ್ಧಂಬರ್ಧ ಬರುವವರು ಕೂತು ನೋಡಿದ್ದಾರೆ.

ಹಕ್ಕು ಇರುವ ಕಂಪನಿಯನ್ನು ನೋಡಿಕೊಳ್ಳುತ್ತಿರುವವರು ಕ್ರಿಸ್ಟಿ ಅವರ ಮರಿಮಗ ಜೇಮ್ಸ್ ಪ್ರಿಚರ್ಡ್. ಅವರಲ್ಲಿ ಕೇಳಬೇಕಾದದ್ದು ಒಂದೇ. ಕಾಲ ಬದಲಿಸಲಿ, ಪಾತ್ರದ ಹಿನ್ನೆಲೆ ಬದಲಿಸಲಿ. 2023ರ 'ಮರ್ಡರ್ ಈಸ್ ಈಸಿ'ಯಲ್ಲಿ ನಾಯಕ ನೈಜೀರಿಯಾದವನಾದ, ಅದರಿಂದ ಕಥೆ ಕೆಡಲಿಲ್ಲ. ಕೊಲೆ ಮಾಡಿದ್ದು ಯಾರು, ಯಾಕೆ, ಅದಕ್ಕೆ ಸುಳಿವು ಯಾವುದು, ಈ ಮೂರನ್ನು ಮಾತ್ರ ಒಪ್ಪಂದದಲ್ಲೇ ಬರೆದು ಭದ್ರ ಮಾಡಲಿ. ಅದನ್ನೂ ಬದಲಿಸಲೇಬೇಕು ಅನ್ನುವವರು ಪುಸ್ತಕದ ಹೆಸರು ಬಿಟ್ಟು ತಮ್ಮದೇ ಹೆಸರಿಡಲಿ.

ಮುಂದಿನ ಸಂಚಿಕೆಗೆ 'ದ ಬಾಡಿ ಇನ್ ದ ಲೈಬ್ರರಿ'ಯ 1984ರ ಬಿಬಿಸಿ ರೂಪಾಂತರ ತೆಗೆದುಕೊಳ್ಳುತ್ತೇನೆ. ಅದರಲ್ಲಿ ಮಿಸ್ ಮಾರ್ಪಲ್ ಆಗಿರುವವರು ಜೋನ್ ಹಿಕ್ಸನ್. 1940ರ ದಶಕದಲ್ಲಿ ಅವರನ್ನು ಒಂದು ನಾಟಕದಲ್ಲಿ ನೋಡಿದ ಕ್ರಿಸ್ಟಿ, ಮುಂದೆ ನೀವೇ ನನ್ನ ಮಿಸ್ ಮಾರ್ಪಲ್ ಆಗಬೇಕು ಅಂತ ಪತ್ರ ಬರೆದಿದ್ದರಂತೆ. ಅವರು 1992ರೊಳಗೆ 12 ಕಾದಂಬರಿಗಳನ್ನೂ ಮಾಡಿ ಮುಗಿಸಿದರು. ಆ ಉಗುರಿನ ದೃಶ್ಯದಿಂದಲೇ ಶುರು ಮಾಡುತ್ತೇನೆ. ಅಷ್ಟರೊಳಗೆ ಪುಸ್ತಕ ಓದಿರಿ, ಇನ್ನೂರು ಚಿಲ್ಲರೆ ಪುಟ ಅಷ್ಟೇ.